ಬೆಳಿಗ್ಗೆ 7:02ಕ್ಕೆ ನಿಂತು ನೋಡಿ: ಪರ್ಲ್ ಹಾರ್ಬರ್ ದಾಳಿಯನ್ನು ಹೈಸ್ಕೂಲ್ ಮಕ್ಕಳಿಗೆ ಕಲಿಸುವ ಬಗೆ

ಪರೀಕ್ಷೆ ಮುಗಿಸಿ ಹೊರಗೆ ಬಂದ ಮಕ್ಕಳ ಮಾತು ಕೇಳಿದ್ದೀರಾ? "ಈ ಪ್ರಶ್ನೆ ಬಂದೇ ಬರುತ್ತೆ ಅಂತ ನಂಗೊತ್ತಿತ್ತು ಕಣೋ" ಅಂತಾನೆ ಒಬ್ಬ. ಹಿಂದಿನ ರಾತ್ರಿ ಅವನು ಆ ಪಾಠ ತೆರೆದೂ ನೋಡಿರುವುದಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಎಲ್ಲರೂ ಜಾಣರೇ.

ಪರ್ಲ್ ಹಾರ್ಬರ್ ಪಾಠದಲ್ಲೂ ಇದೇ ಆಗುತ್ತದೆ. 1941ರ ಡಿಸೆಂಬರ್ 7, ಭಾನುವಾರ ಬೆಳಿಗ್ಗೆ, ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆಯ ಮೇಲೆ ಜಪಾನಿನ ವಿಮಾನಗಳು ಎರಗಿದವು, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ. "ಮಿಸ್, ಅಷ್ಟೊಂದು ಹಡಗು ಬರ್ತಿರೋದು ಅವರಿಗೆ ಗೊತ್ತೇ ಆಗಲಿಲ್ವಾ? ಅಷ್ಟು ಪೆದ್ದರಾ?"

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊದಲೆಲ್ಲ "ಹೂಂ, ಎಚ್ಚರ ತಪ್ಪಿದರು" ಅಂತ ಹೇಳಿ ಮುಂದಿನ ಪ್ಯಾರಾಕ್ಕೆ ಹೋಗುತ್ತಿದ್ದೆ. ಈಗ ಮೂರು ಪೀರಿಯಡ್ಡನ್ನು ಆ ಒಂದು ಪ್ರಶ್ನೆಗೇ ಕೊಡುತ್ತೇನೆ. ಅವರು ಪೆದ್ದರಲ್ಲ, ಅವರ ಹತ್ತಿರ ಸುಳಿವೂ ಇತ್ತು. ಅದು ಒಂದೇ ಕೈಯಲ್ಲಿ ಇರಲಿಲ್ಲ, ಅಷ್ಟೇ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹೋಗುವುದಿಲ್ಲ, ಮಾಡಿಸಬೇಕು. ಪೋರ್ಷನ್ ಮುಗಿಸುವ ಆತುರ ಇದ್ದವರು ಎರಡನೇ ಪೀರಿಯಡ್ಡಿನ ಚೀಟಿ ಆಟ ಒಂದನ್ನಾದರೂ ಮಾಡಿ.

ಮೊದಲು ತಯಾರಿ

ಬೇಕಾಗುವುದು ಜಾಸ್ತಿ ಏನಿಲ್ಲ. ಒಂದು ಪ್ರಪಂಚ ಭೂಪಟ, ಒಂದು ಉಂಡೆ ಉಲ್ಲನ್ ದಾರ, ಗುಂಡುಪಿನ್ನು, ನಾಲ್ಕು ಕವರ್, ಹದಿನೈದು ಚೀಟಿ.

ಭೂಪಟದ ಬಗ್ಗೆ ಒಂದು ಮಾತು. ನಮ್ಮ ಶಾಲೆಗಳ ಗೋಡೆಯ ಮೇಲಿರುವ ಭೂಪಟದಲ್ಲಿ ಪೆಸಿಫಿಕ್ ಸಾಗರ ಎರಡು ತುಂಡಾಗಿರುತ್ತದೆ. ಜಪಾನ್ ಬಲ ತುದಿಯಲ್ಲಿ, ಹವಾಯಿ ಎಡ ತುದಿಯಲ್ಲಿ. ಒಂದು ವರ್ಷ ಒಬ್ಬಳು ಹುಡುಗಿ ಜಪಾನಿನಿಂದ ದಾರ ಶುರು ಮಾಡಿ, ಚೀನಾ, ಇಂಡಿಯಾ, ಆಫ್ರಿಕಾ ಎಲ್ಲ ದಾಟಿಸಿ ಹವಾಯಿಗೆ ಮುಟ್ಟಿಸಿದಳು! ತಪ್ಪು ಅವಳದ್ದಲ್ಲ, ಭೂಪಟದ್ದು. ಗ್ಲೋಬ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಭೂಪಟದ ಜೆರಾಕ್ಸ್ ತೆಗೆಸಿ, ಎರಡು ತುದಿ ಕೂಡಿಸಿ ಗಮ್ ಹಾಕಿ, ಕೊಳವೆಯ ಹಾಗೆ ಸುತ್ತಿ. ಆಗ ಜಪಾನ್, ಹವಾಯಿ, ಅಮೆರಿಕ ಮೂರೂ ಒಂದೇ ಸಾಗರದ ಸುತ್ತ ಬಂದು ನಿಲ್ಲುತ್ತವೆ.

ಮೊದಲ ಪೀರಿಯಡ್: ಎಣ್ಣೆ, ದಾರ, ಗಡಿಯಾರ

"ಜಪಾನ್ ಯಾಕೆ ಹೀಗೆ ಮಾಡಿತು?" ಅಂತ ಕೇಳಿ ಶುರು ಮಾಡಿ. ಉತ್ತರಗಳು ಬರಲಿ, ಬೋರ್ಡಿನ ಮೇಲೆ ಬರೆದುಕೊಳ್ಳಿ. ಸಾಮಾನ್ಯವಾಗಿ "ದುರಾಸೆ" ಅನ್ನುವುದರಲ್ಲಿ ನಿಲ್ಲುತ್ತದೆ. ಅಲ್ಲಿಂದ ಎಣ್ಣೆಗೆ ಕರೆದುಕೊಂಡು ಬನ್ನಿ.

ಜಪಾನ್ 1937ರಿಂದ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ನಡೆಸುತ್ತಿತ್ತು. 1941ರ ಜುಲೈನಲ್ಲಿ ಅದರ ಸೈನ್ಯ ಇಂಡೋಚೀನಾದ ದಕ್ಷಿಣ ಭಾಗಕ್ಕೂ ನುಗ್ಗಿತು. ಅಮೆರಿಕ ತನ್ನಲ್ಲಿದ್ದ ಜಪಾನಿನ ಹಣವನ್ನು ತಡೆಹಿಡಿಯಿತು. ಅದರ ಹಿಂದೆಯೇ ಎಣ್ಣೆಯೂ ನಿಂತುಹೋಯಿತು. ಜಪಾನಿಗೆ ಬರುತ್ತಿದ್ದ ಎಣ್ಣೆಯಲ್ಲಿ ಬಹುಪಾಲು ಅಮೆರಿಕದ್ದೇ. ಹಡಗು, ವಿಮಾನ ಎಲ್ಲ ಓಡುವುದು ಅದರಿಂದ. ಅವರ ಮುಂದೆ ಎರಡು ದಾರಿ ಇತ್ತು. ಒಂದು, ಚೀನಾದಲ್ಲಿ ಹಿಡಿದದ್ದನ್ನು ಬಿಟ್ಟುಕೊಡುವುದು. ಇನ್ನೊಂದು, ಆಗ ಡಚ್ಚರ ಕೈಯಲ್ಲಿದ್ದ ಇಂಡೋನೇಷ್ಯಾದ ಎಣ್ಣೆ ಬಾವಿಗಳನ್ನು ಕಿತ್ತುಕೊಳ್ಳುವುದು. ಜಪಾನ್ ಎರಡನೆಯದನ್ನು ಹಿಡಿಯಿತು. ಹಾಗೆ ಕಿತ್ತುಕೊಳ್ಳುವಾಗ ಅಡ್ಡ ಬರಬಹುದಾದದ್ದು ಹವಾಯಿಯಲ್ಲಿದ್ದ ಅಮೆರಿಕದ ನೌಕಾಪಡೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕಾರಣ ಹೇಳುವುದು ಬೇರೆ, ಸರಿ ಅನ್ನುವುದು ಬೇರೆ. "ಹಾಗಾದ್ರೆ ಅಮೆರಿಕದ್ದೇ ತಪ್ಪು" ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಚೀನಾದಲ್ಲಿ ನಾಲ್ಕು ವರ್ಷದಿಂದ ಸಾಯುತ್ತಿದ್ದವರು ಯಾರು ಅಂತ ಕೇಳಿ ಸುಮ್ಮನಾಗಿ. ಮಕ್ಕಳು ಯೋಚಿಸುತ್ತಾರೆ.

ಈಗ ದಾರ. ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳ ಹಿಟೊಕಪ್ಪು ಕೊಲ್ಲಿಗೆ ಒಂದು ಪಿನ್ನು. ನವೆಂಬರ್ 26ರಂದು ಆರು ವಿಮಾನವಾಹಕ ಹಡಗುಗಳು ಅಲ್ಲಿಂದ ಹೊರಟವು. ಮುಂದಾಳು ಚುಯಿಚಿ ನಗುಮೊ. ಯೋಜನೆ ಇಸೊರೊಕು ಯಮಾಮೊಟೊ ಅವರದ್ದು. ಹಾರ್ವರ್ಡಿನಲ್ಲಿ ಓದಿ, ವಾಷಿಂಗ್ಟನ್ನಿನಲ್ಲಿ ಕೆಲಸ ಮಾಡಿ, ಅಮೆರಿಕದ ಬಲ ಎಷ್ಟು ಅಂತ ಕಣ್ಣಾರೆ ಕಂಡಿದ್ದ ಮನುಷ್ಯ. ಅಮೆರಿಕದ ಜೊತೆ ಯುದ್ಧ ಬೇಡ ಅನ್ನುತ್ತಿದ್ದವರೇ ಈ ದಾಳಿಯ ಯೋಜನೆ ಹಾಕಿದರು. ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ.

ದಾರವನ್ನು ನೇರವಾಗಿ ಎಳೆಯಬೇಡಿ. ಉತ್ತರಕ್ಕೆ ಬಾಗಿಸಿ ಎಳೆಯಿರಿ. ಆ ದಾರಿಯಲ್ಲಿ ಚಳಿ, ಬಿರುಗಾಳಿ. ವ್ಯಾಪಾರದ ಹಡಗುಗಳು ಅತ್ತ ಸುಳಿಯುವುದು ಕಡಿಮೆ. ರೇಡಿಯೋದಲ್ಲಿ ಒಂದು ಮಾತಿಲ್ಲ. ನಡುನೀರಿನಲ್ಲೇ ಒಂದು ಹಡಗಿನಿಂದ ಇನ್ನೊಂದಕ್ಕೆ ಎಣ್ಣೆ ತುಂಬಿಸಿಕೊಳ್ಳಬೇಕು. ಕೊನೆಗೆ ಪರ್ಲ್ ಹಾರ್ಬರ್ ಇರುವ ಒವಾಹು ದ್ವೀಪದಿಂದ ಸುಮಾರು 370 ಕಿಲೋಮೀಟರ್ ಉತ್ತರಕ್ಕೆ ಬಂದು ವಿಮಾನಗಳನ್ನು ಹಾರಿಸಿದರು. ಬೆಂಗಳೂರಿನಿಂದ ಚೆನ್ನೈಗಿಂತ ಸ್ವಲ್ಪ ಆಚೆ ಅಂದುಕೊಳ್ಳಿ.

ಬೋರ್ಡಿನ ಮೂಲೆಯಲ್ಲಿ ನಾಲ್ಕು ಗಡಿಯಾರ ಬರೆಯಿರಿ. ಹವಾಯಿಯಲ್ಲಿ ಭಾನುವಾರ ಬೆಳಿಗ್ಗೆ 7:55. ವಾಷಿಂಗ್ಟನ್ನಿನಲ್ಲಿ ಮಧ್ಯಾಹ್ನ 1:25. ಟೋಕಿಯೋದಲ್ಲಿ ಸೋಮವಾರ ಬೆಳಗಿನ ಜಾವ 3:25. ಇವತ್ತಿನ ನಮ್ಮ ಗಡಿಯಾರದ ಲೆಕ್ಕದಲ್ಲಿ ಬೆಂಗಳೂರಿಗೆ ರಾತ್ರಿ 11:55. (ಮೊಬೈಲಿನಲ್ಲಿ ಲೆಕ್ಕ ಹಾಕಲು ಹೋದರೆ ಅರ್ಧ ಗಂಟೆ ತಪ್ಪುತ್ತದೆ. ಹವಾಯಿಯ ಗಡಿಯಾರ ಆಗ ಈಗಿಗಿಂತ ಅರ್ಧ ಗಂಟೆ ಹಿಂದಿತ್ತು.) ಜಪಾನಿನವರು ಈ ದಿನವನ್ನು ಡಿಸೆಂಬರ್ 8 ಅಂತ ಯಾಕೆ ಹೇಳುತ್ತಾರೆ ಅನ್ನುವುದು ಈ ನಾಲ್ಕು ಗಡಿಯಾರ ನೋಡಿದರೆ ತಾನೇ ಗೊತ್ತಾಗುತ್ತದೆ. ಅದನ್ನು ನೀವು ಹೇಳಬೇಡಿ, ಅವರೇ ಹಿಡಿಯಲಿ.

ಎರಡನೇ ಪೀರಿಯಡ್: ಚೀಟಿ ಆಟ

ಇದನ್ನು ಮೊದಲ ಸಲ ಮಾಡಿದಾಗ ನಾನು ಪೂರಾ ಕೆಡಿಸಿದ್ದೆ. ಎಲ್ಲ ಚೀಟಿಯನ್ನೂ ಎಲ್ಲ ಗುಂಪಿಗೂ ಕೊಟ್ಟುಬಿಟ್ಟೆ. ಐದೇ ನಿಮಿಷಕ್ಕೆ ನಾಲ್ಕೂ ಗುಂಪು ಎದ್ದು ನಿಂತವು. "ಇಷ್ಟೆಲ್ಲ ಗೊತ್ತಿದ್ದೂ ಸುಮ್ನೆ ಕೂತಿದ್ರಲ್ಲ, ಪೆದ್ದರೇ ಮಿಸ್!" ನಾನು ಅಳಿಸಬೇಕು ಅಂದುಕೊಂಡಿದ್ದ ಮಾತನ್ನು ನಾನೇ ಕಲ್ಲಿನ ಮೇಲೆ ಕೆತ್ತಿ ಕೊಟ್ಟ ಹಾಗಾಯಿತು. ಬೆಲ್ ಹೊಡೆಯಲು ಇನ್ನೂ ಅರ್ಧ ಗಂಟೆ ಬಾಕಿ. ಏನು ಮಾಡುವುದು ಅಂತ ತೋಚದೆ ನೋಟ್ಸ್ ಬರೆಸಿದೆ.

ಸರಿಯಾದ ರೀತಿ ಹೀಗೆ. ತರಗತಿಯನ್ನು ನಾಲ್ಕು ಮೂಲೆಗೆ ಹಂಚಿ. ಒಂದು ಮೂಲೆ ವಾಷಿಂಗ್ಟನ್. ಒಂದು ಹವಾಯಿಯ ನೌಕಾಪಡೆ, ಅದರ ಮುಖ್ಯಸ್ಥ ಅಡ್ಮಿರಲ್ ಕಿಮ್ಮೆಲ್. ಒಂದು ಹವಾಯಿಯ ಭೂಸೇನೆ, ಅದರ ಮುಖ್ಯಸ್ಥ ಜನರಲ್ ಶಾರ್ಟ್. ನಾಲ್ಕನೆಯದು ಒಪಾನಾ ಗುಡ್ಡದ ಮೇಲಿನ ರೇಡಾರ್ ಕೇಂದ್ರ. ಅದಕ್ಕೆ ಇಬ್ಬರೇ ಸಾಕು, ಅಲ್ಲಿ ಆ ದಿನ ಇದ್ದದ್ದೂ ಇಬ್ಬರೇ. ಒಂದು ಮೂಲೆಯವರು ಇನ್ನೊಂದು ಮೂಲೆಯ ಜೊತೆ ಮಾತಾಡುವಂತಿಲ್ಲ. ಹೇಳುವುದಿದ್ದರೆ ಚೀಟಿ ಬರೆದು ನಿಮ್ಮ ಕೈಗೆ ಕೊಡಬೇಕು. ಅಂಚೆಯಣ್ಣ ನೀವೇ.

ಪ್ರತಿ ಕವರಿನಲ್ಲೂ ಸುಳಿವಿನ ಜೊತೆಗೆ ದಾರಿ ತಪ್ಪಿಸುವ ಸುದ್ದಿಯೂ ಇರಬೇಕು. ಆದರೆ ಯಾವುದನ್ನೂ ನೀವು ಹುಟ್ಟಿಸಬೇಡಿ. ನಿಜವಾಗಿ ನಡೆದದ್ದರಲ್ಲೇ ಎರಡೂ ಬೇಕಾದಷ್ಟಿವೆ.

ವಾಷಿಂಗ್ಟನ್ನಿನ ಕವರಿಗೆ: ಜಪಾನಿನ ರಾಯಭಾರ ಕಚೇರಿಗಳ ಗುಪ್ತ ಸಂದೇಶಗಳನ್ನು ನಾವು ಓದುತ್ತಿದ್ದೇವೆ. ಅದರಲ್ಲಿ ಒಂದು, ಪರ್ಲ್ ಹಾರ್ಬರನ್ನು ಐದು ಭಾಗ ಮಾಡಿ ಯಾವ ಭಾಗದಲ್ಲಿ ಯಾವ ಹಡಗಿದೆ ತಿಳಿಸಿ ಅಂತ ಹೊನೊಲುಲು ಕಚೇರಿಗೆ ಬಂದಿದೆ. ಬೇರೆ ಬಂದರುಗಳ ಬಗ್ಗೆಯೂ ಅವರು ಕೇಳುತ್ತಲೇ ಇದ್ದಾರೆ. ಸಂಕೇತ ಪುಸ್ತಕಗಳನ್ನು ಸುಟ್ಟುಹಾಕಿ ಅಂತ ಅವರ ಕಚೇರಿಗಳಿಗೆ ಆದೇಶ ಹೋಗಿದೆ. ಜಪಾನಿನ ಹಡಗುಗಳ ದೊಡ್ಡ ಸಾಲೊಂದು ಥಾಯ್ಲೆಂಡ್ ಕೊಲ್ಲಿಯ ಕಡೆ ಹೋಗುತ್ತಿದೆ. ಕೊನೆಯ ಚೀಟಿಯನ್ನು ತಡವಾಗಿ ಕೊಡಿ: ನಡೆಯುತ್ತಿದ್ದ ಮಾತುಕತೆಗೆ ಜಪಾನ್ ಕೊಡುವ 14 ಭಾಗದ ಉತ್ತರವನ್ನು ಭಾನುವಾರ ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಅಮೆರಿಕಕ್ಕೆ ತಲುಪಿಸಿ ಅಂತ ಟೋಕಿಯೋ ಹೇಳಿದೆ. ಚುರುಕಾದ ಮಕ್ಕಳು ಬೋರ್ಡಿನ ಗಡಿಯಾರ ನೋಡುತ್ತಾರೆ. ವಾಷಿಂಗ್ಟನ್ನಿನ 1 ಗಂಟೆ ಅಂದರೆ ಹವಾಯಿಯ 7:30.

ನೌಕಾಪಡೆಯ ಕವರಿಗೆ: ನವೆಂಬರ್ 27ರಂದು ವಾಷಿಂಗ್ಟನ್ನಿನಿಂದ ಯುದ್ಧದ ಎಚ್ಚರಿಕೆ ಬಂದಿದೆ. ಅದರಲ್ಲಿ ಫಿಲಿಪೀನ್ಸ್, ಥಾಯ್ಲೆಂಡ್, ಬೋರ್ನಿಯೋ ಹೆಸರಿದೆ, ಹವಾಯಿಯ ಹೆಸರಿಲ್ಲ. ಜಪಾನಿನ ವಿಮಾನವಾಹಕ ಹಡಗುಗಳು ಎಲ್ಲಿವೆ ಅನ್ನುವುದು ಈಗ ಪತ್ತೆಯಾಗುತ್ತಿಲ್ಲ. ಬಂದರಿನ ನೀರಿನ ಆಳ ಸುಮಾರು 12 ಮೀಟರ್, ವಿಮಾನದಿಂದ ಟಾರ್ಪಿಡೊ (ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಬಾಂಬು) ಬಿಟ್ಟರೆ ಕೆಸರಿಗೆ ಹೋಗಿ ಚುಚ್ಚಿಕೊಳ್ಳುತ್ತದೆ ಅನ್ನುವ ನಂಬಿಕೆ. ಭಾನುವಾರ ಬೆಳಿಗ್ಗೆ ಬಂದರಿನ ಬಾಯಲ್ಲಿ 'ವಾರ್ಡ್' ಅನ್ನುವ ಹಡಗು ಒಂದು ಪುಟ್ಟ ಜಲಾಂತರ್ಗಾಮಿಯನ್ನು ಮುಳುಗಿಸಿದೆಯಂತೆ. ಇದು ನಡೆದದ್ದು 6:45ರ ಹೊತ್ತಿಗೆ. ಈ ಚೀಟಿಯನ್ನು ನೀವು ಮುಖ್ಯಸ್ಥನ ಕೈಗೆ ಕೊಡುವುದು ಮಾತ್ರ ಸುಮಾರು ಮುಕ್ಕಾಲು ಗಂಟೆ ಆದ ಮೇಲೆ.

ಭೂಸೇನೆಯ ಕವರಿಗೆ: ಯುದ್ಧ ಬರಬಹುದು, ಒಳಗಿನವರೇ ವಿಮಾನಗಳನ್ನು ಕೆಡಿಸುವ ಅಪಾಯ ಇದೆ. ಆದ್ದರಿಂದ ಕಾವಲಿಗೆ ಸುಲಭವಾಗಲಿ ಅಂತ ವಿಮಾನಗಳನ್ನು ಬಯಲಲ್ಲಿ ಒತ್ತೊತ್ತಾಗಿ ನಿಲ್ಲಿಸಲಾಗಿದೆ. ಇನ್ನೊಂದು ಚೀಟಿ: ರಾತ್ರಿಯಿಡೀ ರೇಡಿಯೋದಲ್ಲಿ ಹಾಡು ಬರುತ್ತಿದೆ. ಹಾಗೆ ಹಾಡು ಹಾಕಿದರೆ ಕ್ಯಾಲಿಫೋರ್ನಿಯಾದಿಂದ ನಮ್ಮ ಬಿ-17 ವಿಮಾನಗಳು ಬರುತ್ತಿವೆ ಅಂತ ಅರ್ಥ. ಆ ಹಾಡೇ ಅವಕ್ಕೆ ದಾರಿದೀಪ.

ರೇಡಾರ್ ಗುಡ್ಡದ ಇಬ್ಬರಿಗೆ: ಯಂತ್ರ ಹೊಸದು, ಇನ್ನೂ ಕಲಿಯುತ್ತಿದ್ದೀರಿ. 7 ಗಂಟೆಗೆ ಆಫ್ ಮಾಡಬೇಕು. ಆದರೆ ತಿಂಡಿಗೆ ಕರೆದುಕೊಂಡು ಹೋಗುವ ಗಾಡಿ ಬಂದಿಲ್ಲ. ಸುಮ್ನೆ ಕೂರುವ ಬದಲು ಇನ್ನಷ್ಟು ಹೊತ್ತು ಅಭ್ಯಾಸ ಮಾಡಿ. 7:02ಕ್ಕೆ ಪರದೆಯ ಮೇಲೆ ಹಿಂದೆಂದೂ ಕಾಣದಷ್ಟು ದೊಡ್ಡ ಗುರುತು, 210 ಕಿಲೋಮೀಟರ್ ದೂರದಲ್ಲಿ. ಅಂದರೆ ಇಲ್ಲಿಂದ ಹೆಚ್ಚುಕಡಿಮೆ ಚಿತ್ರದುರ್ಗ.

ಇಲ್ಲಿಂದ ಆಟ ತಾನೇ ಓಡುತ್ತದೆ. ರೇಡಾರಿನ ಇಬ್ಬರು ಗಡಿಬಿಡಿಯಲ್ಲಿ ಚೀಟಿ ಬರೆಯುತ್ತಾರೆ. ಅದು ಭೂಸೇನೆಯ ಮೂಲೆಗೆ ಹೋಗುತ್ತದೆ. ಅಲ್ಲಿ ಹಾಡಿನ ಚೀಟಿ ಕೈಯಲ್ಲಿ ಹಿಡಿದು ಕೂತವರು ಖುಷಿಯಿಂದ ಉತ್ತರ ಬರೆಯುತ್ತಾರೆ: "ನಮ್ಮವೇ, ಬಿಡಿ." ನಾನು ಮಾಡಿಸಿದಾಗೆಲ್ಲ ಹೀಗೇ ಆಗಿದೆ. ಆಗ ನಿಜವಾಗಿ ಏನಾಯಿತು ಅಂತ ಹೇಳಿ. ಆ ಬೆಳಿಗ್ಗೆ ಫೋನ್ ಎತ್ತಿದ ಲೆಫ್ಟಿನೆಂಟ್ ಕೆರ್ಮಿಟ್ ಟೈಲರ್ ಕೂಡ ಚಿಂತೆ ಮಾಡಬೇಡಿ ಅಂತಲೇ ಹೇಳಿದ್ದು. ಬಿ-17ಗಳು ನಿಜಕ್ಕೂ ಬರುತ್ತಿದ್ದವು. ದಾಳಿಯ ನಡುವೆಯೇ ಬಂದು ಇಳಿದವು, ಪಾಪ.

ವಾಷಿಂಗ್ಟನ್ ಮೂಲೆಯಿಂದಲೂ ಒಂದು ತುರ್ತು ಚೀಟಿ ಬರುತ್ತದೆ, "ಎಚ್ಚರ!" ಅಂತ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ತರಗತಿ ಸುತ್ತಿ. ಮಕ್ಕಳು ಕಿರುಚುತ್ತಾರೆ. "ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೀನಿ" ಅನ್ನಿ. ನೀವು ಮುಟ್ಟಿಸುವ ಹೊತ್ತಿಗೆ ಗಡಿಯಾರ 7:55 ದಾಟಿರಬೇಕು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಕಳಿಸಿದ ಎಚ್ಚರಿಕೆಗೂ ಹೀಗೇ ಆಯಿತು. ಸೇನೆಯ ರೇಡಿಯೋ ಸರಿಯಾಗಿ ಸಿಗಲಿಲ್ಲ, ಸಾಮಾನ್ಯ ಟೆಲಿಗ್ರಾಮಿನಲ್ಲಿ ಕಳಿಸಿದರು. ಹೊನೊಲುಲುವಿನಲ್ಲಿ ಬೈಕಿನ ಮೇಲೆ ಟೆಲಿಗ್ರಾಮ್ ಹಂಚುವ ಹುಡುಗನೊಬ್ಬ ಅದನ್ನು ಹಿಡಿದುಕೊಂಡು ಹೊರಟ. ಬಾಂಬು ಬೀಳುತ್ತಿದ್ದ ಊರಿನಲ್ಲಿ, ಪೊಲೀಸರ ತಡೆ ದಾಟಿಕೊಂಡು, ಗಂಟೆಗಟ್ಟಲೆ ತಡವಾಗಿ ತಲುಪಿಸಿದ. ಅವನು ಜಪಾನಿ ಮೂಲದವನು.

ಕೊನೆಯ ಹತ್ತು ನಿಮಿಷ ಎಲ್ಲ ಚೀಟಿಯನ್ನೂ ಬೋರ್ಡಿಗೆ ಅಂಟಿಸಿ. ಈಗ ಎಲ್ಲರಿಗೂ ಎಲ್ಲ ಕಾಣುತ್ತದೆ. "ಇವತ್ತು ಯಾರು ಪೆದ್ದರು?" ಅಂತ ಕೇಳಿ. ಭೂಸೇನೆ ಮೂಲೆಯ ಮುಖಗಳನ್ನು ನೋಡಬೇಕು ನೀವು.

"ಹಾಗಾದ್ರೆ ಯಾರ ತಪ್ಪೂ ಅಲ್ವಾ?" ಅನ್ನುವುದು ಮುಂದಿನ ಪ್ರಶ್ನೆ. ಹಾಗೂ ಅಲ್ಲ. ಕಿಮ್ಮೆಲ್ ಮತ್ತು ಶಾರ್ಟ್ ಇಬ್ಬರನ್ನೂ ಅದೇ ತಿಂಗಳು ಹುದ್ದೆಯಿಂದ ಇಳಿಸಿದರು. ಒಂದರ ಮೇಲೊಂದು ವಿಚಾರಣೆ ನಡೆಯಿತು. ವಾಷಿಂಗ್ಟನ್ ತನ್ನ ಹತ್ತಿರ ಇದ್ದ ಸಂದೇಶಗಳನ್ನೆಲ್ಲ ಅವರಿಗೆ ಕೊಟ್ಟಿರಲಿಲ್ಲ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಮಕ್ಕಳು ಎರಡು ಪಕ್ಷ ಮಾಡಿಕೊಂಡು ಜಗಳ ಆಡಲಿ ಬಿಡಿ. ಇನ್ನು ಟಾರ್ಪಿಡೊ ವಿಷಯದಲ್ಲಿ ಅಮೆರಿಕನ್ನರು ನಿಜವಾಗಿ ಎಡವಿದ್ದರು. ಒಂದು ವರ್ಷ ಮೊದಲು, 1940ರ ನವೆಂಬರಿನಲ್ಲಿ, ಬ್ರಿಟಿಷ್ ವಿಮಾನಗಳು ಇಟಲಿಯ ತರಾಂಟೊ ಬಂದರಿನಲ್ಲಿ ಟಾರ್ಪಿಡೊ ಬಿಟ್ಟೇ ಯುದ್ಧನೌಕೆಗಳನ್ನು ಕೆಡವಿದ್ದವು. ಜಪಾನಿನವರು ಅದನ್ನು ನೋಡಿ ಕಲಿತು, ಟಾರ್ಪಿಡೊಗೆ ಮರದ ರೆಕ್ಕೆ ಕಟ್ಟಿ, ಆಳವಿಲ್ಲದ ನೀರಿನಲ್ಲೂ ಓಡುವ ಹಾಗೆ ಮಾಡಿಕೊಂಡರು.

ಯೂಟ್ಯೂಬ್ ನೋಡಿಕೊಂಡು ಬಂದವನೊಬ್ಬ "ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಎಲ್ಲ ಗೊತ್ತಿತ್ತು, ಬೇಕಂತಲೇ ಬಿಟ್ಟರು" ಅನ್ನುತ್ತಾನೆ. ಬೈಯಬೇಡಿ. ವಾಷಿಂಗ್ಟನ್ ಕವರ್ ಅವನ ಕೈಗೇ ಕೊಟ್ಟು, "ಇದರಲ್ಲಿ ಪರ್ಲ್ ಹಾರ್ಬರ್ ಮೇಲೆ ಡಿಸೆಂಬರ್ 7ಕ್ಕೆ ದಾಳಿ ಅಂತ ಎಲ್ಲಿದೆ, ತೋರಿಸು" ಅನ್ನಿ. ಇದೇ ರೀತಿ, "ಮಲಗಿದ್ದ ದೈತ್ಯನನ್ನು ಎಬ್ಬಿಸಿದೆವು" ಅಂತ ಯಮಾಮೊಟೊ ಹೇಳಿದರು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಸಿನಿಮಾದಿಂದ ಹಬ್ಬಿದ ಮಾತು ಅದು. ಅವರು ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ನೋಟ್ಸಿನಲ್ಲಿ ಬರೆಸಬೇಡಿ.

ಮೂರನೇ ಪೀರಿಯಡ್: ಬಿದ್ದದ್ದು, ಉಳಿದದ್ದು, ನಮ್ಮ ತನಕ ಬಂದದ್ದು

ದಾಳಿಯನ್ನು ಹದಿನೈದು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ಬೆಂಕಿ, ಸ್ಫೋಟದ ವಿಡಿಯೋ ತೋರಿಸಿದರೆ ಮಕ್ಕಳಿಗೆ ಅದೇ ನೆನಪಲ್ಲಿ ಉಳಿಯುತ್ತದೆ, ಬೇರೇನೂ ಉಳಿಯುವುದಿಲ್ಲ. ಎರಡು ಅಲೆಯಾಗಿ 350ಕ್ಕೂ ಹೆಚ್ಚು ವಿಮಾನಗಳು ಬಂದವು. ಸುಮಾರು ಎರಡು ಗಂಟೆಯಲ್ಲಿ ಮುಗಿಯಿತು. ಸತ್ತ ಅಮೆರಿಕನ್ನರು 2,403. ಅದರಲ್ಲಿ 1,177 ಜನ ಅರಿಜೋನಾ ಅನ್ನುವ ಒಂದೇ ಹಡಗಿನವರು. ಜಪಾನ್ ಕಳೆದುಕೊಂಡದ್ದು 64 ಜನ, 29 ವಿಮಾನ, 5 ಪುಟ್ಟ ಜಲಾಂತರ್ಗಾಮಿ. ಅಂಕಿ ಬರೆದ ಮೇಲೆ ನಾನು ಒಂದು ಹೋಲಿಕೆ ಮಾತ್ರ ಕೊಡುತ್ತೇನೆ: ನಮ್ಮ ಶಾಲೆಯ ಎಲ್ಲ ಮಕ್ಕಳನ್ನೂ ಎರಡು ಸಲ ಎಣಿಸಿದರೂ ಅರಿಜೋನಾದಲ್ಲಿ ಹೋದವರ ಲೆಕ್ಕ ಆಗುವುದಿಲ್ಲ. ಆ ಹಡಗು ಅಲ್ಲೇ ನೀರಿನಡಿಯಲ್ಲಿದೆ. ಅದರಿಂದ ಎಣ್ಣೆ ಈಗಲೂ ತೊಟ್ಟು ತೊಟ್ಟಾಗಿ ಮೇಲೆ ಬರುತ್ತದೆ.

ಆಮೇಲೆ ಬೋರ್ಡನ್ನು ಎರಡು ಭಾಗ ಮಾಡಿ, "ಬಿದ್ದದ್ದು" ಮತ್ತು "ಉಳಿದದ್ದು" ಅಂತ. ಬಿದ್ದದ್ದರ ಕಡೆ: ಎಂಟು ಯುದ್ಧನೌಕೆಗೂ ಏಟು, ನಾಲ್ಕು ಮುಳುಗಡೆ, 188 ವಿಮಾನ ನಾಶ. ಉಳಿದದ್ದರ ಕಡೆ: ಆ ದಿನ ಬಂದರಿನಲ್ಲಿ ಇರದ ವಿಮಾನವಾಹಕ ಹಡಗುಗಳು, ಎಣ್ಣೆ ಟ್ಯಾಂಕುಗಳು, ರಿಪೇರಿ ಅಂಗಳ. ರಿಪೇರಿ ಅಂಗಳ ಉಳಿದದ್ದರಿಂದ ಎಂಟರಲ್ಲಿ ಆರು ಯುದ್ಧನೌಕೆಗಳು ಮತ್ತೆ ನೀರಿಗಿಳಿದವು. ದಾಳಿಗೆ ಬಂದಿದ್ದ ಆರು ವಿಮಾನವಾಹಕಗಳಲ್ಲಿ ನಾಲ್ಕನ್ನು ಆರೇ ತಿಂಗಳಲ್ಲಿ, 1942ರ ಜೂನಿನ ಮಿಡ್‌ವೇ ಕದನದಲ್ಲಿ, ಅಮೆರಿಕ ಮುಳುಗಿಸಿತು. ಯಾರು ಗೆದ್ದರು ಅಂತ ಈಗ ಕೇಳಿ ನೋಡಿ.

ಒತ್ತೊತ್ತಾಗಿ ನಿಲ್ಲಿಸಿದ್ದ ವಿಮಾನಗಳ ವಿಷಯಕ್ಕೆ ನಮ್ಮದೇ ಉದಾಹರಣೆ ಇದೆ. 1965ರ ಯುದ್ಧದಲ್ಲಿ ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳನ್ನು ಭಾರತ ಕಳೆದುಕೊಂಡಿತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಾಯುಪಡೆ ಪಠಾಣ್‌ಕೋಟ್, ಅಮೃತಸರ, ಶ್ರೀನಗರ, ಆಗ್ರಾ ಕಡೆಯ ವಾಯುನೆಲೆಗಳ ಮೇಲೆ ಎರಗಿತು. ಅಷ್ಟರಲ್ಲಿ ನಮ್ಮ ವಿಮಾನಗಳು ಕಾಂಕ್ರೀಟ್ ಗೂಡುಗಳೊಳಗೆ, ಬೇರೆ ಬೇರೆ ಕಡೆ ಇದ್ದವು. ಆದ ನಷ್ಟ ಕಡಿಮೆ.

ಇನ್ನು ಭಾರತ. ಪೆಸಿಫಿಕ್ ಯುದ್ಧ ಶುರುವಾದದ್ದು ಪರ್ಲ್ ಹಾರ್ಬರಿನಲ್ಲಿ ಅಲ್ಲ. ಅದಕ್ಕೂ ಒಂದು ಗಂಟೆಗಿಂತ ಸ್ವಲ್ಪ ಮೊದಲು ಜಪಾನಿ ಸೈನಿಕರು ಮಲಯಾದ ಕೋಟಾ ಬಾರು ಕಡಲತೀರದಲ್ಲಿ ಇಳಿಯುತ್ತಿದ್ದರು. ಅಲ್ಲಿ ಮರಳಿನಲ್ಲಿ ಗುಂಡಿ ತೋಡಿಕೊಂಡು ಕಾಯುತ್ತಿದ್ದವರು ಡೋಗ್ರಾ ರೆಜಿಮೆಂಟಿನ ಭಾರತೀಯ ಸೈನಿಕರು. ಈ ಮಾತು ಹೇಳಿದಾಗ ತರಗತಿ ಒಂದು ಕ್ಷಣ ಗಪ್‌ಚುಪ್ ಆಗುತ್ತದೆ, ಪ್ರತಿ ವರ್ಷ. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯರಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳದವರೂ ಇದ್ದರು. ಆಜಾದ್ ಹಿಂದ್ ಫೌಜಿನ ಕಥೆಗೆ ಇಲ್ಲಿಂದಲೇ ಕೊಂಡಿ ಹಾಕಬಹುದು. ಪರ್ಲ್ ಹಾರ್ಬರಿಗೆ ಹೋಗಿದ್ದ ಅದೇ ನಗುಮೊ 1942ರ ಏಪ್ರಿಲ್ 5ರಂದು ಕೊಲಂಬೋ ಮೇಲೆ ದಾಳಿ ಮಾಡಿಸಿದರು. ಅದೂ ಭಾನುವಾರವೇ! ಮಾರನೇ ದಿನ ವಿಶಾಖಪಟ್ಟಣ, ಕಾಕಿನಾಡದ ಮೇಲೂ ಜಪಾನಿನ ಬಾಂಬು ಬಿತ್ತು.

ಬೆಂಗಳೂರಿಗೆ ಬರಲು ಬೆಳ್ಳಂದೂರು ಕೆರೆ ಸಾಕು. ಈಗ ನೊರೆಗೆ ಹೆಸರಾದ ಅದೇ ಕೆರೆ. 1940ರ ಡಿಸೆಂಬರಿನಲ್ಲಿ ಶುರುವಾದ ಎಚ್‌ಎಎಲ್ ಕಾರ್ಖಾನೆಯನ್ನು ಯುದ್ಧದ ನಡುವೆ ಅಮೆರಿಕದ ವಾಯುಪಡೆ ತನ್ನ ವಿಮಾನಗಳ ರಿಪೇರಿಗೆ ಬಳಸಿಕೊಂಡಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆ ಬಂದಾಗ ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಒವಾಹು ದ್ವೀಪದ ಕನೆಓಹೆ ಕೊಲ್ಲಿಯಲ್ಲಿ ಆ ಭಾನುವಾರ ಸುಟ್ಟುಹೋದವೂ ಇದೇ ಮಾದರಿಯವು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಒಂದು ದಿನ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಒಂದು ಪದಕ್ಕೆ ಇಪ್ಪತ್ತು ನಿಮಿಷ

ಸಮಯ ಇದ್ದರೆ ಇದನ್ನು ಬಿಡಬೇಡಿ. ಡಿಸೆಂಬರ್ 8ರಂದು ರೂಸ್‌ವೆಲ್ಟ್ ಅಮೆರಿಕದ ಸಂಸತ್ತಿನಲ್ಲಿ ಮಾಡಿದ ಭಾಷಣ ಹತ್ತು ನಿಮಿಷದ್ದೂ ಅಲ್ಲ. ಅದರ ಮೊದಲ ಕರಡು ಈಗಲೂ ಇದೆ. ಅದರಲ್ಲಿ "ವಿಶ್ವ ಇತಿಹಾಸದಲ್ಲಿ ಉಳಿಯುವ ದಿನ" ಅಂತ ಟೈಪಾಗಿತ್ತು. ರೂಸ್‌ವೆಲ್ಟ್ ಅದನ್ನು ಕೈಯಿಂದಲೇ ಹೊಡೆದುಹಾಕಿ ಬೇರೆ ಪದ ಬರೆದರು, infamy ಅಂತ. ಕೆಟ್ಟ ಹೆಸರು, ಕಳಂಕ, ಮೋಸದ ನಾಚಿಕೆ, ಎಲ್ಲವೂ ಸೇರಿದ ಪದ ಅದು. ಕನ್ನಡದಲ್ಲಿ ಏನನ್ನಬೇಕು ಅಂತ ಮಕ್ಕಳಿಗೇ ಬಿಡಿ. ನಮ್ಮ ತರಗತಿಯಲ್ಲಿ "ಅಪಕೀರ್ತಿ" ಅಂದರು, "ಕರಾಳ ದಿನ" ಅಂದರು. ಒಬ್ಬಳು "ಛೀ ಅನ್ನೋ ದಿನ" ಅಂದಳು. ನನಗೆ ಅದೇ ಹತ್ತಿರ ಅನ್ನಿಸಿತು. ಮರುಕ್ಷಣ ಕೇಳಿ, ಇತಿಹಾಸ ಅನ್ನುವ ಪದ ಇದ್ದಿದ್ದರೆ ಜನ ಅಷ್ಟು ಕೆರಳುತ್ತಿದ್ದರಾ? ಯುದ್ಧ ಘೋಷಣೆಗೆ ಮೇಲ್ಮನೆಯಲ್ಲಿ 82 ಮತ, ವಿರೋಧ ಸೊನ್ನೆ. ಕೆಳಮನೆಯಲ್ಲಿ 388, ವಿರೋಧ ಒಂದೇ ಒಂದು. ಆ ಒಂದು ಮತ ಜೀನೆಟ್ ರ‍್ಯಾಂಕಿನ್ ಅನ್ನುವ ಮಹಿಳೆಯದ್ದು.

ಪದ ಆರಿಸುವವರು ಯಾರು ಅನ್ನುವುದಕ್ಕೆ ನಮ್ಮೂರಲ್ಲೇ ಉದಾಹರಣೆ ಇದೆ. ಕೆ.ಆರ್. ಮಾರ್ಕೆಟ್ ಪಕ್ಕದ ಬೆಂಗಳೂರು ಕೋಟೆಗೆ ಹೋಗಿದ್ದರೆ ಅಲ್ಲಿನ ಕಲ್ಲಿನ ಫಲಕ ನೆನಪಿಸಿ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆಯ ಈ ಬಿರುಕಿನಿಂದ ದಾಳಿ ಮಾಡಿದರು ಅಂತ ಅದರಲ್ಲಿದೆ. ಅದು ರಾತ್ರಿ ಹೊತ್ತಿನ ದಾಳಿ. ಆ ರಾತ್ರಿ ಕೋಟೆ ಕಾಯುತ್ತಾ ಸತ್ತ ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನ್ ಹೆಸರು ಆ ಸಾಲಿನಲ್ಲಿಲ್ಲ. ಫಲಕ ಹಾಕಿಸಿದ್ದು ಯಾರು ಅಂತ ಮಕ್ಕಳು ಕೂಡಲೇ ಹೇಳುತ್ತಾರೆ.

ಎಚ್ಚರ ಬೇಕಾದ ಕಡೆ

ಈ ಪಾಠ ಬೇಗ "ಅವರು" ಮತ್ತು "ನಾವು" ಆಗಿಬಿಡುತ್ತದೆ. ಜಪಾನಿನವರೆಲ್ಲ ಮೋಸಗಾರರು ಅನ್ನುವ ಮಾತು ಬಂದರೆ ಮುಂದಿನ ಕಥೆ ಹೇಳಿ. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಬಹಳಷ್ಟು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು, ನಿಮ್ಮ ಎದುರು ಕೂತಿರುವಷ್ಟೇ ವಯಸ್ಸಿನ ಮಕ್ಕಳೂ ಇದ್ದರು. ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟದ್ದು 1988ರಲ್ಲಿ. ಟೆಲಿಗ್ರಾಮ್ ಹುಡುಗನನ್ನು ಇಲ್ಲಿ ಮತ್ತೆ ನೆನಪಿಸಿ.

ಇನ್ನೊಂದು, ನಮ್ಮ ಊರಿನ ತರಗತಿಗಳಲ್ಲಿ ಸೈನ್ಯದಲ್ಲಿರುವವರ ಮಕ್ಕಳು ಇರುತ್ತಾರೆ. ಜಾಲಹಳ್ಳಿ ಕಡೆಯ ಶಾಲೆಗಳಲ್ಲಂತೂ ಜಾಸ್ತಿ. ಅಪ್ಪ ಗಡಿಯಲ್ಲಿರುವ ಮಗುವಿಗೆ ಹಡಗು ಮುಳುಗುವ ಆಟ ತಮಾಷೆಯಲ್ಲ. ಹಿಂದಿನ ದಿನವೇ ಪಕ್ಕಕ್ಕೆ ಕರೆದು, ನಾಳೆ ಇಂಥ ಪಾಠ ಇದೆ, ನಿನಗೆ ಯಾವ ಗುಂಪು ಬೇಕಪ್ಪಾ ಅಂತ ಕೇಳಿ. ಒಬ್ಬ ಹುಡುಗ ನನ್ನ ಜೊತೆ ಅಂಚೆ ಹಂಚುವ ಕೆಲಸ ಕೇಳಿ ತೆಗೆದುಕೊಂಡ.

ಮನೆಕೆಲಸ

ಪ್ರಬಂಧ ಬೇಡ. "ಪರ್ಲ್ ಹಾರ್ಬರ್ ದಾಳಿಯ ಕಾರಣ ಮತ್ತು ಪರಿಣಾಮ" ಅಂದರೆ ಗೈಡಿನಿಂದ ಇಳಿಸಿಕೊಂಡು ಬರುತ್ತಾರೆ. ನಾನು ಕೊಡುವುದು ಹತ್ತು ಸಾಲಿನ ಡೈರಿ. ಆ ಬೆಳಿಗ್ಗೆ ಅಲ್ಲಿದ್ದ ಒಬ್ಬರಾಗಿ ಬರೆಯಬೇಕು. ನಿಯಮ ಒಂದೇ: ಆ ಮನುಷ್ಯನಿಗೆ ಆ ನಿಮಿಷದಲ್ಲಿ ಗೊತ್ತಿರದ ಯಾವ ವಿಷಯವೂ ಬರಬಾರದು. "ಮುಂದೆ ಆಗುವ ಅನಾಹುತ ನನಗೆ ತಿಳಿದಿರಲಿಲ್ಲ" ಅಂತ ಬರೆದರೂ ಒಂದು ಅಂಕ ಕಟ್. ಮೊದಲ ಸಲ ಅರ್ಧ ತರಗತಿ ಈ ಒಂದು ಅಂಕ ಕಳೆದುಕೊಳ್ಳುತ್ತದೆ. ವಾಪಸ್ ಕೊಟ್ಟು ಮತ್ತೆ ಬರೆಸಿ.

ಹೋದ ವರ್ಷ ಹತ್ತಕ್ಕೆ ಹತ್ತು ತೆಗೆದುಕೊಂಡವಳು ರೇಡಾರ್ ಗುಡ್ಡವನ್ನು ಆರಿಸಿಕೊಂಡಿದ್ದಳು. ಗುರುತು ಕಂಡದ್ದು, ಫೋನ್ ಮಾಡಿದ್ದು, ಬಿಡಿ ಅಂದದ್ದು, ಎಲ್ಲ ಇತ್ತು. ಕೊನೆಯ ಎರಡು ಸಾಲು ಹೀಗಿದ್ದವು: "7:40 ಆಯಿತು. ತಿಂಡಿ ಗಾಡಿ ಬಂತು, ಮಿಷಿನ್ ಆಫ್ ಮಾಡಿ ಹೊರಟೆವು."